ಹಾಯಿದೋಣಿಯ ಡೆಕ್ ಸೋರುವುದೇಕೆ, ಬೋಲ್ಟಿನ ತೂತನ್ನು ಭದ್ರ ಮಾಡುವುದು ಹೇಗೆ

ಜೂನ್ ಎರಡನೇ ವಾರ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆಯ ದಂಡೆಯ ಮೇಲೆ, ನಾವು ಮೂವರು ಗೆಳೆಯರು ಸೇರಿ ಕೊಂಡ ಹಳೆಯ ಹಾಯಿದೋಣಿಯನ್ನು ಮಳೆಗಾಲಕ್ಕೆಂದು ಮೇಲಕ್ಕೆಳೆದು ತಾಡಪತ್ರಿ ಹೊದಿಸಿದ್ದೆವು. ಒಂದು ರಾತ್ರಿಯ ಗಾಳಿಗೆ ತಾಡಪತ್ರಿಯ ಮೂಲೆ ಹರಿದುಹೋಯಿತು. ಮಾರನೇ ದಿನ ಒಳಗೆ ಇಳಿದು ನೋಡಿದರೆ ಮಲಗುವ ಹಲಗೆಯ ಮೇಲೆ ಚಹಾದ ಬಣ್ಣದ ನಾಲ್ಕಾರು ಹನಿ. ತಲೆ ಎತ್ತಿದೆ. ಹಗ್ಗ ಕಟ್ಟುವ ಕ್ಲೀಟಿನ ಬೋಲ್ಟು ಡೆಕ್ಕನ್ನು, ಅಂದರೆ ದೋಣಿಯ ಮೇಲ್ಹಾಸನ್ನು, ದಾಟಿ ಒಳಗೆ ಇಣುಕುವ ಜಾಗದಲ್ಲಿ, ನಟ್ಟಿನ ತುದಿಗೆ ಇನ್ನೊಂದು ಹನಿ ತೂಗುತ್ತಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಕೊಳೆತ ತರಗೆಲೆಯ ವಾಸನೆ.

ಮಳೆನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹನಿ ಕಂದುಬಣ್ಣಕ್ಕೆ ತಿರುಗಿದೆ ಎಂದರೆ ಅದು ಮರದೊಳಗೆ ಬಹಳ ದಿನ ಕೂತು ಬಂದಿದೆ ಎಂದರ್ಥ. ನನಗೆ ಆಗ ಅಷ್ಟು ತಿಳಿದಿರಲಿಲ್ಲ. ಬೈತಖೋಲದ ಬಂದರಿನಲ್ಲಿ ದೋಣಿ ದುರಸ್ತಿ ಮಾಡುವ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಬಂದೆ. ಅವರು ಸಲಕರಣೆ ಏನೂ ತೆಗೆಯಲಿಲ್ಲ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನು ಗೇಣಿಗೊಂದರಂತೆ ಬಡಿಯುತ್ತ ಹೋದರು. ಟಕ್, ಟಕ್, ಟಕ್. ಕ್ಲೀಟಿನ ಹತ್ತಿರ ಬಂದಾಗ ಸದ್ದು ಬದಲಾಯಿತು: ದೊಬ್, ದೊಬ್. ಹಲಸಿನಕಾಯಿ ಬಲಿತಿದೆಯೋ ಹಣ್ಣಾಗಿದೆಯೋ ಎಂದು ತಟ್ಟಿ ನೋಡಿದವರಿಗೆ ಈ ವ್ಯತ್ಯಾಸವನ್ನು ಬೇರೆ ಹೇಳಬೇಕಾಗಿಲ್ಲ.

‘ಮೇಲಿಂದ ಚಲೋನೇ ಅದೆ ತಮಾ, ಒಳಗೆ ನೀರು ಕುಂತದೆ’ ಎಂದರು.

ಆ ಮಾತಿನ ಅರ್ಥವನ್ನು ಪೂರ್ತಿ ಬಿಡಿಸಿ ಹೇಳುವುದಕ್ಕೆ ಈ ಲೇಖನ. ಹಾಯಿದೋಣಿ ಇಟ್ಟುಕೊಂಡವರು ನಮ್ಮ ಕರಾವಳಿಯಲ್ಲಿ ಕಡಿಮೆ. ಆದರೆ ಫೈಬರ್ ದೋಣಿ ಇಟ್ಟುಕೊಂಡವರು ಮಾಜಾಳಿಯಿಂದ ಭಟ್ಕಳದವರೆಗೆ ಊರೂರಿಗೆ ಇದ್ದಾರೆ. ಪ್ಲೈವುಡ್ಡಿನ ಮೇಲೆ ಫೈಬರ್ ಹೊದಿಸಿದ ದೋಣಿಗೂ ಐಸಿನ ಪೆಟ್ಟಿಗೆಗೂ ಇದೇ ರೋಗ ತಗಲುತ್ತದೆ, ಮದ್ದೂ ಇದೇ.

ಮೊದಲು ಡೆಕ್ ಏನೆಂದು ನೋಡೋಣ. ಮೇಲಿನಿಂದ ನೋಡಿದರೆ ಒಂದೇ ಗಟ್ಟಿ ಫೈಬರ್ ಹಲಗೆಯಂತೆ ಕಾಣುತ್ತದೆ. ಅಡ್ಡಕ್ಕೆ ಕೊಯ್ದರೆ ಮೂರು ಪದರ. ಮೇಲೆ ಎರಡು ಮೂರು ಮಿಲಿಮೀಟರ್ ಫೈಬರ್, ಕೆಳಗೆ ಅಷ್ಟೇ ಅಥವಾ ಅದಕ್ಕಿಂತ ತೆಳುವಾದ ಫೈಬರ್, ನಡುವೆ ಸೆಂಟಿಮೀಟರಿಗಿಂತ ತುಸು ಹೆಚ್ಚು ದಪ್ಪದ ಹಗುರವಾದ ತಿರುಳು. ತಿರುಳು ಬಾಲ್ಸಾ ಮರದ್ದಿರಬಹುದು, ಪ್ಲೈವುಡ್ ಇರಬಹುದು, ಫೋಮ್ ಇರಬಹುದು. ಹೀಗೇಕೆ ಕಟ್ಟುತ್ತಾರೆ ಎಂದರೆ, ಹಲಗೆಯ ದಪ್ಪ ಇಮ್ಮಡಿಯಾದರೆ ಬಾಗದೆ ನಿಲ್ಲುವ ಬಿರುಸು ಎಂಟು ಪಟ್ಟಾಗುತ್ತದೆ. ದಪ್ಪವನ್ನೆಲ್ಲ ಫೈಬರಿನಿಂದಲೇ ತುಂಬಿಸಿದರೆ ದೋಣಿಯ ತಲೆಭಾರ ಹೆಚ್ಚಿ ಓಲಾಡುತ್ತದೆ. ನಡುವೆ ಹಗುರವಾದದ್ದನ್ನು ಇಟ್ಟು ಎರಡೂ ಪದರಗಳನ್ನು ದೂರ ದೂರ ಹಿಡಿದರೆ ಭಾರವಿಲ್ಲದೆ ಬಿರುಸು ಸಿಗುತ್ತದೆ. ಅಂಗಡಿಯಿಂದ ಸಾಮಾನು ತುಂಬಿ ಬರುವ ರಟ್ಟಿನ ಪೆಟ್ಟಿಗೆಯನ್ನು ನೆನೆಸಿಕೊಳ್ಳಿ. ಎರಡು ತೆಳು ಕಾಗದ, ನಡುವೆ ಅಲೆಅಲೆಯ ಕಾಗದ. ಒಣಗಿದ್ದಾಗ ಅದರ ಮೇಲೆ ಮನುಷ್ಯ ಕೂರಬಹುದು. ಒಂದು ಸಲ ನೆನೆದರೆ ಕಾಗದಗಳು ಬಿಟ್ಟುಕೊಂಡು ಪೆಟ್ಟಿಗೆ ಕುಸಿಯುತ್ತದೆ. ಡೆಕ್ಕಿನ ಕತೆಯೂ ಅದೇ. ತಿರುಳು ಫೈಬರಿಗೆ ಅಂಟಿಕೊಂಡಿರುವವರೆಗೆ ಮಾತ್ರ ಅದು ಡೆಕ್.

ಮರದ ತಿರುಳು ಎಂದ ಕೂಡಲೇ ಅದು ಅಗ್ಗದ ಕೆಲಸ ಎಂದು ತಿಳಿಯಬೇಡಿ. ನಮಗೆ ಹತ್ತಿರದ ಗೋವಾದಲ್ಲೇ ಕಟ್ಟಿದ, ನೌಕಾಪಡೆಯ ಹಾಯಿದೋಣಿ ‘ಮ್ಹಾದೇಯಿ’ ಮರದ ತಿರುಳಿಗೆ ಫೈಬರ್ ಹೊದಿಸಿದ್ದೇ. ಅದರಲ್ಲಿ ದಿಲೀಪ್ ದೊಂದೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. 2012-13ರಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿದರು. ಅದೇ ಬಗೆಯ ‘ತಾರಿಣಿ’ಯಲ್ಲಿ 2017-18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ಸುತ್ತಿ ಬಂದರು. ಮರ ಒಣಗಿ ಇರುವವರೆಗೆ ಅದಕ್ಕಿಂತ ಒಳ್ಳೆಯ ತಿರುಳು ಕಡಿಮೆ. ಬಾಲ್ಸಾ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 150 ಕಿಲೋ ತೂಗುತ್ತದೆ, ತೇಗ 650ರ ಹತ್ತಿರ. ಬಾಲ್ಸಾವನ್ನು ಹಲಗೆಯಂತೆ ಮಲಗಿಸಿ ಹಾಕುವುದಿಲ್ಲ. ಅಡ್ಡ ಕೊಯ್ದು, ನಾರು ನೆಟ್ಟಗೆ ನಿಲ್ಲುವಂತೆ ಸಣ್ಣ ಸಣ್ಣ ಚೌಕ ಮಾಡಿ, ತೆಳು ಬಟ್ಟೆಗೆ ಅಂಟಿಸಿ ಹಾಸುತ್ತಾರೆ. ಡೆಕ್ಕಿನ ಡೊಂಕಿಗೆ ತಕ್ಕಂತೆ ಹಾಸು ಬಗ್ಗಲಿ ಎಂದು ಈ ಚೌಕಗಳು. ನೆಟ್ಟಗಿನ ನಾರು ನೀರನ್ನು ಪಕ್ಕಕ್ಕೆ ಬೇಗ ಬಿಡುವುದಿಲ್ಲ, ಅದು ಒಳ್ಳೆಯದು. ಆದರೆ ಚೌಕ ಚೌಕದ ನಡುವೆ ಉಳಿದ ಸಂದು ಕಾಲುವೆಯಂತೆ ಕೆಲಸ ಮಾಡುತ್ತದೆ. ಅಡಿಕೆ ತೋಟದ ಬಸಿಗಾಲುವೆ ಹೇಗೋ ಹಾಗೆ, ಒಂದು ಕಡೆ ಬಿದ್ದ ನೀರು ಎಲ್ಲೆಲ್ಲಿಗೋ ಹರಿದು ಹೋಗುತ್ತದೆ.

ಇಂಥ ಡೆಕ್ಕಿಗೆ ಕ್ಲೀಟು, ಹಗ್ಗ ಸುತ್ತಿ ಎಳೆಯುವ ವಿಂಚು, ಅಂಚಿನ ರೇಲಿಂಗ್ ಕಂಬ, ಹಗ್ಗ ಹಾಯುವ ರಾಟೆ ಎಂದು ಏನೇನೋ ಕೂರಿಸಬೇಕು. ಒಂದೊಂದಕ್ಕೂ ಮೂರು ನಾಲ್ಕು ಬೋಲ್ಟು. ಇಪ್ಪತ್ತೆರಡು ಅಡಿಯ ನಮ್ಮ ದೋಣಿಯಲ್ಲಿ ಎಣಿಸಿದಾಗ ಎಪ್ಪತ್ತೆಂಟು ತೂತು ಸಿಕ್ಕವು. ಪ್ರತಿ ತೂತೂ ಮೇಲಿನ ಪದರವನ್ನು ಸೀಳಿ, ತಿರುಳನ್ನು ಬೆತ್ತಲೆ ಮಾಡಿ, ಕೆಳಗಿನ ಪದರದಿಂದ ಹೊರಬರುತ್ತದೆ. ಬೋಲ್ಟಿನ ತಲೆಯ ಕೆಳಗೆ ಸಂದು ಮುಚ್ಚಲೆಂದು ಹಚ್ಚಿದ ಮೆತ್ತನೆಯ ಸೀಲಂಟ್ ಒಂದೇ ಮಳೆಗೂ ಮರಕ್ಕೂ ನಡುವೆ ನಿಂತಿರುವ ಕಾವಲು.

ಆ ಕಾವಲು ಸೋಲುವುದೇಕೆ? ಮೊದಲನೆಯದು ಎಳೆತ. ರೇಲಿಂಗ್ ಕಂಬವನ್ನೇ ತೆಗೆದುಕೊಳ್ಳಿ. ಎತ್ತರ 60 ಸೆಂಟಿಮೀಟರ್, ಬುಡದ ಬೋಲ್ಟುಗಳ ನಡುವೆ 8 ಸೆಂಟಿಮೀಟರ್ ಅಂತರ. ಅಲೆಗೆ ಓಲಾಡಿದಾಗ ಯಾರೋ ತುದಿಯನ್ನು ಹಿಡಿದು 40 ಕಿಲೋದಷ್ಟು ಒರಗಿದರು ಎನ್ನಿ. ಬುಡದ ಬೋಲ್ಟಿನ ಮೇಲೆ ಬೀಳುವ ಎಳೆತ 40ನ್ನು 60ರಿಂದ ಗುಣಿಸಿ 8ರಿಂದ ಭಾಗಿಸಿದಷ್ಟು, ಅಂದರೆ 300 ಕಿಲೋ. ಹಾರೆಯಿಂದ ಕಲ್ಲು ಮೀಟಿದ ಹಾಗೆ. ಕಂಬದ ಬುಡ ಕೂದಲೆಳೆಯಷ್ಟು ಎದ್ದು ಕೂರುತ್ತದೆ, ಒಣಗಿ ಗಡುಸಾದ ಸೀಲಂಟ್ ಒಂದು ಕಡೆಯಿಂದ ಬಿಟ್ಟುಕೊಳ್ಳುತ್ತದೆ. ಕಣ್ಣಿಗೆ ಏನೂ ಕಾಣದು. ಇಂಥ ಸೀಳಿನೊಳಕ್ಕೆ ನೀರು ತಾನಾಗಿ ಏರುತ್ತದೆ, ದೀಪದ ಬತ್ತಿ ಎಣ್ಣೆ ಏರಿಸುವಂತೆ. ಸೀಳು ಸಣ್ಣದಾದಷ್ಟೂ ಹೀರುವ ಶಕ್ತಿ ಹೆಚ್ಚು.

ಎರಡನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಡೆಕ್ ಮೇಲೆ ಬರಿಗಾಲು ಇಡಲಾಗದು. ತಿರುಳಿನ ಸಂದುಗಳಲ್ಲಿ ಇರುವ ಗಾಳಿಯೂ ಅಷ್ಟೇ ಕಾಯುತ್ತದೆ, ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಸಂಜೆ ದಿಢೀರನೆ ಒಂದು ಮಳೆ ಹೊಡೆಯಿತು. 60 ಡಿಗ್ರಿಯಿಂದ 28ಕ್ಕೆ ಇಳಿದರೆ ಗಾಳಿ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಹೊರಗಿನಿಂದ ಏನಾದರೂ ಬರಬೇಕು. ಆ ಹೊತ್ತಿಗೆ ಬೋಲ್ಟಿನ ಸುತ್ತ ನೀರು ನಿಂತಿರುತ್ತದೆ. ಡೆಕ್ ಅದನ್ನು ಗುಟುಕು ಗುಟುಕಾಗಿ ಎಳೆದುಕೊಳ್ಳುತ್ತದೆ. ಬಿಸಿನೀರು ತುಂಬಿ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಬಾಟಲಿ ತಣ್ಣಗಾದ ಮೇಲೆ ಒಳಕ್ಕೆ ನೆಗ್ಗುವುದನ್ನು ನೋಡಿರುತ್ತೀರಿ. ಅದೇ ಎಳೆತ. ಒಳಗೆ ಹೋದ ನೀರಿಗೆ ಹಿಂತಿರುಗುವ ದಾರಿ ಮಾತ್ರ ಇಲ್ಲ. ಮೇಲೂ ಕೆಳಗೂ ಫೈಬರ್, ಗಾಳಿಯಾಡುವುದಿಲ್ಲ.

ದೋಣಿ ಎಂದಮೇಲೆ ಉಪ್ಪುನೀರಿನದೇ ಭಯ ಎಂದುಕೊಳ್ಳುತ್ತೇವೆ. ಮರದ ಮಟ್ಟಿಗೆ ಮಳೆನೀರೇ ದೊಡ್ಡ ಶತ್ರು. ಶಿರಸಿಯ ಕಡೆಯ ಮನೆಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿಗೆ ಯಾರಾದರೂ ಹಸಿ ಚಮಚ ಹಾಕಿದರೆ ಅಜ್ಜಿಯಂದಿರು ಎಷ್ಟು ಗದರುತ್ತಾರೆ ನೋಡಿ. ಉಪ್ಪಿನಲ್ಲಿ ವರ್ಷಗಟ್ಟಲೆ ಕೆಡದ ಮಿಡಿಗೆ ಒಂದು ಹನಿ ಸಿಹಿನೀರು ತಾಗಿದರೆ ಬೂಸ್ಟು ಹಿಡಿಯುತ್ತದೆ. ಮರವನ್ನು ಕೊಳೆಸುವುದೂ ಶಿಲೀಂಧ್ರವೇ. ಮರದ ತೇವ ಶೇ 20ರ ಒಳಗಿದ್ದರೆ ಅದಕ್ಕೆ ಬದುಕಿಲ್ಲ, ಅದನ್ನು ಮೀರಿ ತಿಂಗಳುಗಟ್ಟಲೆ ನಿಂತರೆ ಬೆಳೆಯುತ್ತದೆ. ಉಪ್ಪು ಅದನ್ನು ತಡೆಯುತ್ತದೆ. ಮಳೆನೀರು ಉಪ್ಪನ್ನು ತೊಳೆದುಹಾಕುತ್ತದೆ. ಕಾರವಾರಕ್ಕೆ ವರ್ಷಕ್ಕೆ ಸುಮಾರು 3 ಸಾವಿರ ಮಿಲಿಮೀಟರ್ ಮಳೆ. ಹತ್ತು ಚದರ ಮೀಟರ್ ಡೆಕ್ ಮೇಲೆ ಅದು 30 ಸಾವಿರ ಲೀಟರ್, ಅಂದರೆ ಮೂರು ದೊಡ್ಡ ಟ್ಯಾಂಕರ್ ನೀರು. ಅದರಲ್ಲಿ ಒಂದು ಚೊಂಬಿನಷ್ಟು ಒಳಹೊಕ್ಕರೂ ಕೆಡಿಸಲು ಸಾಕು.

ಇನ್ನೊಂದು ಮಾತು. ಹನಿ ಬಿದ್ದ ಜಾಗದ ನೇರ ಮೇಲೆಯೇ ಸೋರಿಕೆ ಇದೆ ಎಂದು ನಂಬಬೇಡಿ. ಹಂಚಿನ ಮನೆಯಲ್ಲಿ ಹುಟ್ಟಿದವರಿಗೆ ಇದು ಗೊತ್ತು: ಒಡೆದ ಹಂಚು ಒಂದು ಕಡೆ, ಪಕಾಸಿಯಗುಂಟ ಇಳಿದ ನೀರು ತೊಟ್ಟಿಕ್ಕುವುದು ಅಕ್ಕಿಯ ಮುಡಿಯ ಮೇಲೆ. ಡೆಕ್ಕಿನಲ್ಲೂ ಕಂಬದ ಬುಡದಿಂದ ಹೊಕ್ಕ ನೀರು ಎರಡು ಮೊಳ ಆಚೆಯ ಕ್ಲೀಟಿನಿಂದ ಇಳಿಯಬಹುದು. ಮೊದಲು ಇಡೀ ಡೆಕ್ಕನ್ನು ಬಡಿದು ನೋಡಿ, ದೊಬ್ಬೆನ್ನುವ ಜಾಗಕ್ಕೆಲ್ಲ ಸೀಮೆಸುಣ್ಣದ ಗೆರೆ ಎಳೆಯಿರಿ. ನಮ್ಮ ದೋಣಿಯಲ್ಲಿ ಗೆರೆ ಎಳೆದು ಮುಗಿಸಿದಾಗ ಅದು ತಟ್ಟೆಯಷ್ಟು ದೊಡ್ಡ ಮೂರು ಕಲೆಯಾಗಿತ್ತು. ಸೋರುತ್ತಿದ್ದದ್ದು ಕ್ಲೀಟಲ್ಲ, ಅದರ ಮುಂದಿನ ಕಂಬ.

ಅದರ ಹಿಂದಿನ ವರ್ಷ ನಾನು ಮಾಡಿದ್ದ ತಪ್ಪನ್ನು ಹೇಳಲೇಬೇಕು, ಏಕೆಂದರೆ ಎಲ್ಲರೂ ಮಾಡುವುದು ಅದನ್ನೇ. ಬಚ್ಚಲುಮನೆಗೆ ಹಚ್ಚುವ ಸಿಲಿಕೋನ್ ಟ್ಯೂಬು ತಂದು ಕ್ಲೀಟಿನ ಸುತ್ತ ಹೊರಗಿನಿಂದ ಬಳಿದಿದ್ದೆ. ಒಂದು ತಿಂಗಳು ನಿಂತಿತು. ಆಮೇಲೆ ಅಂಚು ಎದ್ದು, ಅದರ ಕೆಳಗೆ ನೀರು ಸೇರಿಕೊಂಡು, ಆವಿಯಾಗಿ ಹೋಗಲೂ ಬಿಡದೆ ಸೋರಿಕೆಯನ್ನು ಇನ್ನೂ ಹೆಚ್ಚಿಸಿತು. ಕಿತ್ತು ತೆಗೆಯಲು ಹೋದರೆ ಸಿಲಿಕೋನಿನ ಜಿಡ್ಡು ಫೈಬರಿನ ಮೇಲೆ ಉಳಿಯಿತು. ಆ ಜಿಡ್ಡಿನ ಮೇಲೆ ಬೇರೆ ಸೀಲಂಟ್ ಹಿಡಿಯುವುದಿಲ್ಲ, ಬಣ್ಣ ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ತೀಡಿ ತೀಡಿ ತೆಗೆಯುವುದಕ್ಕೇ ಎರಡು ಭಾನುವಾರ ಹೋಯಿತು.

ಆ ಎರಡು ಭಾನುವಾರಗಳಲ್ಲಿ ನನಗೆ ಹೊಳೆದ ವಿಷಯವೇ ಈ ಕೆಲಸದ ಜೀವಾಳ. ಸೀಲಂಟ್ ಯಾವುದೇ ಇರಲಿ, ಎಷ್ಟೇ ದುಬಾರಿಯದಿರಲಿ, ಒಂದು ದಿನ ಸೋಲುತ್ತದೆ. ಹತ್ತು ವರ್ಷಕ್ಕೋ ಹದಿನೈದಕ್ಕೋ. ಆ ದಿನ ಒಳಗೆ ಬಂದ ನೀರಿಗೆ ಮರ ಸಿಗಬಾರದು. ತೂತಿನ ಸುತ್ತ ಮರವೇ ಇಲ್ಲದಂತೆ ಮಾಡಿ ಅಲ್ಲೊಂದು ಎಪಾಕ್ಸಿಯ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಗೋಡೆ ಕಟ್ಟಬೇಕು. ನೀರು ಬೋಲ್ಟಿನಗುಂಟ ನೇರ ಇಳಿದು ಒಳಗೆ ತೊಟ್ಟಿಕ್ಕಲಿ, ನಮ್ಮ ಕಣ್ಣಿಗೆ ಬೀಳಲಿ. ಆಗ ಸೋರಿಕೆ ಬರೀ ಕಿರಿಕಿರಿಯಾಗಿ ಉಳಿಯುತ್ತದೆ, ಡೆಕ್ ಕೆಡುವುದಿಲ್ಲ.

ಕೆಲಸಕ್ಕೆ ಇಳಿಯೋಣ. ಕ್ಲೀಟು ಬಿಚ್ಚಿ, ಹಳೆಯ ಸೀಲಂಟ್ ಕೆರೆದು ತೆಗೆದ ಮೇಲೆ ತೂತಿನೊಳಕ್ಕೆ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ತಿರುಳನ್ನು ಚುಚ್ಚಿ ನೋಡಿ. ಹಳದಿ ಬಣ್ಣದ ಒಣ ಹೊಟ್ಟು ಬಂದರೆ ಅದೃಷ್ಟ. ಕಪ್ಪಗೆ, ನೆನೆದ ಅವಲಕ್ಕಿಯಂತೆ ಹಿಸುಕಿದರೆ ನೀರು ಬಿಟ್ಟರೆ ಆ ಭಾಗ ಹೋಯಿತು. ಇಂಥ ಕಡೆ ತೂತಿನಿಂದ ಎಪಾಕ್ಸಿ ಸುರಿದು ಗಟ್ಟಿ ಮಾಡುತ್ತೇನೆ ಎನ್ನುವವರ ಮಾತು ಕೇಳಬೇಡಿ. ನೀರು ಹಿಡಿದ ಮರಕ್ಕೆ ಎಪಾಕ್ಸಿ ಇಳಿಯುವುದಿಲ್ಲ, ಅಂಟುವುದೂ ಇಲ್ಲ. ಮೇಲಿನ ಫೈಬರನ್ನು ಚೌಕವಾಗಿ ಕೊಯ್ದು ತೆಗೆದು, ಕೊಳೆತದ್ದನ್ನು ಕೆರೆದು, ಹೊಸ ತಿರುಳು ಕೂರಿಸಿ ಮತ್ತೆ ಫೈಬರ್ ಹಾಕುವುದೊಂದೇ ದಾರಿ. ಅದು ದೊಡ್ಡ ಕೆಲಸ, ಅದನ್ನು ಬಲ್ಲವರಿಂದಲೇ ಮಾಡಿಸಿ.

ತಿರುಳು ಒಣಗಿದ್ದರೆ ಕೆಲಸ ಸರಳ. ಬೋಲ್ಟು 6 ಮಿಲಿಮೀಟರಿನದಾದರೆ ತೂತನ್ನು ಮೇಲಿನಿಂದ 14 ಮಿಲಿಮೀಟರಿಗೆ ಅಗಲಿಸಿ. ಮೇಲಿನ ಪದರ ಮತ್ತು ತಿರುಳು ಮಾತ್ರ ಅಗಲವಾಗಲಿ, ಕೆಳಗಿನ ಪದರವನ್ನು ಮುಟ್ಟಬೇಡಿ. ಡ್ರಿಲ್ ಬಿಟ್ಟಿಗೆ ಎಷ್ಟು ಆಳ ಹೋಗಬೇಕೋ ಅಲ್ಲಿಗೆ ಟೇಪು ಸುತ್ತಿಕೊಂಡರೆ ಕೈ ತಪ್ಪುವುದಿಲ್ಲ. ಈಗ ಕೆಳಗಿನ ಪದರವೇ ಬಟ್ಟಲಿನ ತಳದಂತಾಗುತ್ತದೆ, ಅದರಲ್ಲಿರುವ ಹಳೆಯ 6 ಮಿಲಿಮೀಟರ್ ತೂತಿಗೆ ಒಳಗಿನಿಂದ ಗಟ್ಟಿಯಾಗಿ ಟೇಪು ಅಂಟಿಸಿದರೆ ಮುಗಿಯಿತು. ಮೇಲಿನ ಪದರವನ್ನು ಅಷ್ಟು ಅಗಲಿಸಲು ಮನಸ್ಸಿಲ್ಲದವರು ಒಂದು ಮೊಳೆಯನ್ನು ಲಂಬಕೋನಕ್ಕೆ ಬಗ್ಗಿಸಿ, ತಲೆ ಕತ್ತರಿಸಿ, ಡ್ರಿಲ್ಲಿಗೆ ಸಿಕ್ಕಿಸಿ, ತೂತಿನೊಳಗೆ ನಿಧಾನ ತಿರುಗಿಸಿ ನಡುವಿನ ತಿರುಳನ್ನಷ್ಟೇ ಕಡೆಯುತ್ತಾರೆ. ಅದೂ ಒಳ್ಳೆಯ ವಿಧಾನವೇ. ಆದರೆ ಒಳಗೆ ಎಷ್ಟು ಕಡೆದಿದೆ, ಎಪಾಕ್ಸಿ ಎಲ್ಲ ಕಡೆ ತುಂಬಿತೇ ಎಂಬುದು ಕಾಣುವುದಿಲ್ಲ. ನಾನು ಅಗಲಿಸುವುದನ್ನೇ ಮೆಚ್ಚುತ್ತೇನೆ. ಕ್ಲೀಟು ಹೇಗೂ ಮೇಲೆ ಕೂತು ಎಲ್ಲವನ್ನೂ ಮುಚ್ಚುತ್ತದೆ.

ಹೊಟ್ಟನ್ನು ವ್ಯಾಕ್ಯೂಮಿನಿಂದ ಎಳೆದು ತೆಗೆದು ಒಣಗಲು ಬಿಡಿ. ಇದಕ್ಕೆ ನಮ್ಮಲ್ಲಿ ಸರಿಯಾದ ಕಾಲ ನವೆಂಬರಿನಿಂದ ಫೆಬ್ರವರಿ. ಬೆಳಗ್ಗೆ ಘಟ್ಟದ ಕಡೆಯಿಂದ ಒಣಗಾಳಿ ಬೀಸುವ ಹೊತ್ತು, ಮಧ್ಯಾಹ್ನ ಕಡಲ ಗಾಳಿ ತೇವ ಹೊತ್ತು ತರುವ ಮೊದಲು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುವುದರಿಂದ ಬೋಟುಗಳ ದುರಸ್ತಿಯೆಲ್ಲ ಆಗಲೇ ನಡೆಯುತ್ತದೆ. ಇಂಜಿನ್, ಬಲೆಗಳಿಗೆ ಅದು ಸರಿ. ಫೈಬರಿನ ತೂತು ಮುಚ್ಚಲು ವರ್ಷದಲ್ಲೇ ಅದು ಕೆಟ್ಟ ಕಾಲ. ಅಡಿಕೆ ಒಣಗದ ದಿನ ತಿರುಳೂ ಒಣಗದು.

ಎಪಾಕ್ಸಿಯ ಲೆಕ್ಕ ಚಿಕ್ಕದು. 14 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಆಳದ ತೂತಿಗೆ 2.3 ಮಿಲಿಲೀಟರ್ ಹಿಡಿಯುತ್ತದೆ. ನಾಲ್ಕು ಬೋಲ್ಟಿನ ಕ್ಲೀಟಿಗೆ ಎರಡು ಟೀ ಚಮಚ ಸಾಕು. ರೆಸಿನ್, ಹಾರ್ಡನರ್ ಎರಡನ್ನೂ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಅಳೆಯಿರಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕುವುದು ನಮ್ಮಲ್ಲಿ ರೂಢಿ. ಫೈಬರ್ ಕೆಲಸದ ಪಾಲಿಯೆಸ್ಟರ್ ರೆಸಿನ್ನಿಗೆ ವೇಗವರ್ಧಕವನ್ನು ಹೆಚ್ಚುಕಡಿಮೆ ಮಾಡಿ ಅಭ್ಯಾಸವಾದವರು ಎಪಾಕ್ಸಿಗೂ ಹಾಗೆ ಮಾಡುತ್ತಾರೆ. ಎಪಾಕ್ಸಿಯಲ್ಲಿ ಎರಡೂ ಒಂದಕ್ಕೊಂದು ಲೆಕ್ಕಕ್ಕೆ ಸರಿಯಾಗಿ ಕೂಡಬೇಕು. ಉಳಿದ ಹಾರ್ಡನರ್ ಹಾಗೇ ಉಳಿದು ಮುದ್ದೆ ಮೆತ್ತಗೇ ಇರುತ್ತದೆ. ಅಂದಹಾಗೆ ಈ ಕೆಲಸಕ್ಕೆ ಪಾಲಿಯೆಸ್ಟರ್ ಬಳಸಬೇಡಿ, ಮರಕ್ಕೆ ಅದರ ಹಿಡಿತ ಎಪಾಕ್ಸಿಯಷ್ಟು ಇಲ್ಲ, ಗಟ್ಟಿಯಾಗುವಾಗ ಕುಗ್ಗುತ್ತದೆ ಕೂಡ.

ಬೆರೆಸಿದ ಎಪಾಕ್ಸಿಯನ್ನು ಮೊದಲು ಹಾಗೇ ತೆಳುವಾಗಿ ತೂತಿನ ಗೋಡೆಗೆಲ್ಲ ಬಳಿಯಿರಿ, ಮರ ಕುಡಿಯುವಷ್ಟು ಕುಡಿಯಲಿ. ಹತ್ತು ನಿಮಿಷ ಬಿಟ್ಟು ಉಳಿದದ್ದಕ್ಕೆ ಸಿಲಿಕಾ ಪುಡಿ ಕಲಸಿ ಚಳಿಗಾಲದ ಜೋನಿ ಬೆಲ್ಲದ ಹದಕ್ಕೆ ತನ್ನಿ. ಪುಡಿ ಹೊಗೆಯಂತೆ ಹಾರುತ್ತದೆ, ಮೂಗು ಬಾಯಿ ಮುಚ್ಚಿಕೊಳ್ಳಿ. ಕೈಗೆ ಗವಸು ಬೇಕೇ ಬೇಕು, ಎಪಾಕ್ಸಿ ಪದೇ ಪದೇ ತಾಗಿದವರಿಗೆ ಚರ್ಮದ ಅಲರ್ಜಿ ಹತ್ತಿಕೊಂಡರೆ ಜನ್ಮಪೂರ್ತಿ ಬಿಡದು. ತೂತಿಗೆ ತುಂಬಿ, ಕಡ್ಡಿಯಿಂದ ಚುಚ್ಚಿ ಗುಳ್ಳೆ ಬಿಡಿಸಿ, ಅಂಚಿಗಿಂತ ಕೂದಲಷ್ಟು ಎತ್ತರ ಬಿಡಿ. ಒಂದೇ ಲೋಟದಲ್ಲಿ ಬಹಳ ಕಲಸಬೇಡಿ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಬಿಸಿಗೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಏಪ್ರಿಲಿನ ಮಧ್ಯಾಹ್ನ ಲೋಟದಲ್ಲಿ ಉಳಿದದ್ದು ಹೊಗೆಯಾಡಿ ಪ್ಲಾಸ್ಟಿಕನ್ನೇ ಕರಗಿಸುವುದನ್ನು ಕಂಡಿದ್ದೇನೆ.

ಮಾರನೇ ದಿನ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕಂಡರೆ ಬರೀ ನೀರು, ನಾರಿನಿಂದ ತಿಕ್ಕಿ ತೊಳೆಯಿರಿ, ಆಮೇಲೆ ಉಜ್ಜುಕಾಗದ. ಈಗ ಎಪಾಕ್ಸಿಯ ನಟ್ಟನಡುವೆ ಆರೂವರೆ ಮಿಲಿಮೀಟರ್ ತೂತು ಕೊರೆಯಿರಿ. ಸುತ್ತಲೂ ಮೂರೂವರೆ ಮಿಲಿಮೀಟರಿಗಿಂತ ದಪ್ಪದ ಗಟ್ಟಿ ಗೋಡೆ ಉಳಿಯುತ್ತದೆ. ಬೋಲ್ಟು ಬಿಗಿದಾಗ ಮೆತ್ತನೆಯ ತಿರುಳು ಅಪ್ಪಚ್ಚಿಯಾಗುತ್ತಿತ್ತಲ್ಲ, ಈಗ ಈ ಗೋಡೆ ಕಂಬದಂತೆ ನಿಂತು ಒತ್ತಡವನ್ನೂ ಹೊರುತ್ತದೆ.

ಇಲ್ಲೊಂದು ಸಣ್ಣ ಕೆಲಸವಿದೆ, ಅರ್ಧ ನಿಮಿಷದ್ದು, ಯಾರೂ ಮಾಡುವುದಿಲ್ಲ. ತೂತಿನ ಮೇಲಂಚನ್ನು ಇಳಿಜಾರು ಬಿಟ್ಟಿನಿಂದ ಎರಡು ಮೂರು ಮಿಲಿಮೀಟರ್ ಕೊರೆದು ಆಲಿಕೆಯ ಬಾಯಿಯಂತೆ ಮಾಡಿ. ಅಂಚು ಚೂಪಾಗಿದ್ದರೆ ಬಿಗಿದಾಗ ಸೀಲಂಟ್ ಎಲ್ಲ ಪಕ್ಕಕ್ಕೆ ಹಿಂಡಿಹೋಗಿ ಕಾಗದದಷ್ಟು ತೆಳ್ಳಗೆ ಉಳಿಯುತ್ತದೆ. ಆಲಿಕೆಯ ಬಾಯಿದ್ದರೆ ಅಲ್ಲೊಂದು ಮುದ್ದೆ ಸಿಕ್ಕಿಕೊಂಡು ಬೋಲ್ಟಿನ ಕತ್ತಿಗೆ ರಬ್ಬರ್ ಉಂಗುರ ತೊಡಿಸಿದಂತಾಗುತ್ತದೆ. ಕಂಬ ಅಲುಗಿದರೂ ಆ ಉಂಗುರ ಹಿಗ್ಗಿ ಕುಗ್ಗಿ ಹಿಡಿದಿರುತ್ತದೆ. ಇಡೀ ಲೇಖನದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುತ್ತೇನೆ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಿ.

ಯಾವ ಸೀಲಂಟ್? ಪಾಲಿಯುರೆಥೇನ್ ಎಂಬುದು ಅಸಲಿಗೆ ಅಂಟು. ಕೆಲವು ಬಗೆಗಳು ಎಷ್ಟು ಗಟ್ಟಿ ಹಿಡಿಯುತ್ತವೆ ಎಂದರೆ ಮುಂದೆ ಕ್ಲೀಟು ಬಿಚ್ಚುವಾಗ ಫೈಬರಿನ ಮೇಲಿನ ಹೊಳಪು ಪೊರೆಯಾದ ಜೆಲ್‌ಕೋಟಿನ ಚಕ್ಕೆಯೂ ಎದ್ದು ಬರುತ್ತದೆ. ನೀರಿನ ಮಟ್ಟದ ಕೆಳಗಿನ ಕೆಲಸಕ್ಕೆ, ಮತ್ತೆಂದೂ ಬಿಚ್ಚದ ಜೋಡಣೆಗೆ ಅದು ಸರಿ. ಗಾಳಿಯ ತೇವದಿಂದಲೇ ಗಟ್ಟಿಯಾಗುವ ಜಾತಿ, ಹಾಗಾಗಿ ನಮ್ಮ ಕರಾವಳಿಯಲ್ಲಿ ಒಡೆದ ಟ್ಯೂಬು ಕೆಲವೇ ದಿನಕ್ಕೆ ಕಲ್ಲಾಗುತ್ತದೆ. ಪಾಲಿಸಲ್ಫೈಡ್ ತೇಗದ ಮರಕ್ಕೆ ಚೆನ್ನ, ಆದರೆ ಅಕ್ರಿಲಿಕ್, ಪಾಲಿಕಾರ್ಬೊನೇಟ್ ಕಿಟಕಿಗಳಿಗೆ ತಾಗಿಸಬಾರದು, ಅವು ಬಿರುಕು ಬಿಡುತ್ತವೆ. ಡೆಕ್ಕಿನ ಮೇಲಿನ ಬೋಲ್ಟುಗಳಿಗೆ ನಾನು ಆರಿಸುವುದು ಬ್ಯೂಟೈಲ್ ಟೇಪು. ಇದು ಗಟ್ಟಿಯಾಗುವುದೇ ಇಲ್ಲ, ವರ್ಷಗಳ ನಂತರವೂ ಹಲಸಿನ ಮೇಣದಂತೆ ಎಳೆದಷ್ಟೂ ಹಿಗ್ಗುತ್ತದೆ. ಬೇಕೆಂದಾಗ ಬಿಚ್ಚಬಹುದು. ಮಾಡಿನ ತಗಡಿಗೆ ಅಂಟಿಸುವ ಟಾರು ಬೆರೆತ ಕಪ್ಪು ಟೇಪು ಬೇರೆ, ಅದು ಬಿಸಿಲಿಗೆ ಇಳಿಯುತ್ತದೆ, ಅದನ್ನು ಕೊಳ್ಳಬೇಡಿ. ಪೆಟ್ರೋಲ್, ಡೀಸೆಲ್ ತುಂಬುವ ಮುಚ್ಚಳದ ಸುತ್ತ ಮಾತ್ರ ಬ್ಯೂಟೈಲ್ ಬೇಡ, ಇಂಧನಕ್ಕೆ ಅದು ಕರಗುತ್ತದೆ.

ಅಸಿಟೋನಿನಿಂದ ಎರಡು ಸಲ, ಎರಡು ಬೇರೆ ಬೇರೆ ಬಟ್ಟೆಯಲ್ಲಿ ಒರೆಸಿ. ಬ್ಯೂಟೈಲನ್ನು ಬತ್ತಿಯಂತೆ ಹೊಸೆದು ಬೋಲ್ಟಿನ ತಲೆಯ ಕೆಳಗೆ ಎರಡು ಸುತ್ತು, ಕ್ಲೀಟಿನ ತಳಕ್ಕೆ ಪ್ರತಿ ತೂತಿನ ಸುತ್ತ ಒಂದು ಉಂಗುರ. ಕೂರಿಸಿ ಬಿಗಿಯುವಾಗ ಇಬ್ಬರು ಬೇಕು. ಮೇಲಿನವರು ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿಯಬೇಕು, ಕೆಳಗಿನವರು ನಟ್ಟನ್ನು ಮಾತ್ರ ತಿರುಗಿಸಬೇಕು. ಬೋಲ್ಟು ತಿರುಗಿದರೆ ಆಲಿಕೆಯೊಳಗಿನ ಉಂಗುರ ಹರಿದುಹೋಗುತ್ತದೆ. ಒಂದೇ ಏಟಿಗೆ ಬಿಗಿಯಬೇಡಿ. ಬ್ಯೂಟೈಲ್ ನಿಧಾನ ಹರಿಯುವ ವಸ್ತು, ಮೊದಲ ದಿನ ಅರ್ಧ, ಮರುದಿನ ಇನ್ನಷ್ಟು, ಹೀಗೆ ಮೂರು ನಾಲ್ಕು ದಿನ ಬಿಸಿಲೇರಿದ ಮೇಲೆ ಕಾಲು ಸುತ್ತು ಕಾಲು ಸುತ್ತು. ಹೊರಗೆ ಹಿಂಡಿ ಬಂದದ್ದನ್ನು ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿದರೆ ಅಂಚು ನೀಟಾಗುತ್ತದೆ.

ಕೆಳಗೆ ಬರೀ ವಾಷರ್ ಸಾಲದು. ಐದಾರು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಅಥವಾ ಗಟ್ಟಿ ಫೈಬರಿನ ಪ್ಲೇಟು ಕೊಟ್ಟರೆ ಮೊದಲು ಹೇಳಿದ 300 ಕಿಲೋ ಎಳೆತ ಅಂಗೈಯಗಲಕ್ಕೆ ಹಂಚಿಹೋಗುತ್ತದೆ, ಡೆಕ್ ಬಾಗುವುದು ಕಡಿಮೆಯಾಗುತ್ತದೆ, ಸೀಲಂಟಿನ ಆಯುಷ್ಯ ಹೆಚ್ಚುತ್ತದೆ. ಆ ಪ್ಲೇಟಿಗೂ ನಟ್ಟಿಗೂ ಒಳಗಿನಿಂದ ಸೀಲಂಟ್ ಹಚ್ಚಬೇಡಿ. ಕೇಳಿದವರಿಗೆ ಆಶ್ಚರ್ಯವಾಗುತ್ತದೆ, ಎರಡೂ ಕಡೆ ಹಚ್ಚಿದರೆ ಇನ್ನೂ ಭದ್ರವಲ್ಲವೇ ಎನ್ನುತ್ತಾರೆ. ಮೇಲಿನದು ಸೋತ ದಿನ ನೀರು ಒಳಗೇ ಸಿಕ್ಕಿಹಾಕಿಕೊಂಡು ಬೋಲ್ಟಿನ ಸುತ್ತ ನಿಲ್ಲುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡ್ ಪೊರೆಯಿಂದ, ಆ ಪೊರೆ ಉಳಿಯಲು ಆಮ್ಲಜನಕ ಬೇಕು. ಗಾಳಿಯಿಲ್ಲದ ಸಂದಿನಲ್ಲಿ ಉಪ್ಪುನೀರು ನಿಂತರೆ 316 ದರ್ಜೆಯ ಸ್ಟೀಲು ಕೂಡ ನಡುವಿನಲ್ಲಿ ತಿಂದುಹೋಗುತ್ತದೆ. ತಲೆ ಹೊಳೆಯುತ್ತಿರುತ್ತದೆ, ನಟ್ಟೂ ಹೊಳೆಯುತ್ತಿರುತ್ತದೆ, ಕತ್ತು ಮಾತ್ರ ಅರ್ಧಕ್ಕೆ ಸವೆದಿರುತ್ತದೆ. ಹಾಯಿಯ ಕಂಬವನ್ನು ಹಿಡಿದು ನಿಲ್ಲಿಸುವ ತಂತಿಗಳು ಕಚ್ಚಿಕೊಂಡಿರುವ ಪಟ್ಟಿಗಳು ಡೆಕ್ಕನ್ನು ಹಾಯುವ ಜಾಗದಲ್ಲಿ ಇದಾದರೆ ಕಂಬವೇ ಉರುಳುತ್ತದೆ. ಬೇರೆ ತೂತುಗಳನ್ನು ಮುಂದಿನ ವರ್ಷಕ್ಕೆ ಬಿಟ್ಟರೂ ಈ ಪಟ್ಟಿಗಳನ್ನು ಬಿಡಬೇಡಿ.

ಮೀನುಗಾರಿಕೆಯ ದೋಣಿಗಳಿಗೆ ಒಂದೆರಡು ಮಾತು. ಐಸಿನ ಪೆಟ್ಟಿಗೆಯ ಎರಡು ಫೈಬರ್ ಗೋಡೆಗಳ ನಡುವೆ ಫೋಮ್ ಇರುತ್ತದೆ. ಫೋಮ್ ಕೊಳೆಯುವುದಿಲ್ಲ, ನಿಜ. ಆದರೆ ಮುಚ್ಚಳದ ಕೀಲಿಗೆಂದು ನೇರ ತಿರುಪಿದ ಸ್ಕ್ರೂವಿನ ತೂತಿನಿಂದ ಇಳಿದ ನೀರು ಫೋಮನ್ನು ಗೋಡೆಯಿಂದ ಬಿಡಿಸುತ್ತದೆ, ಪೆಟ್ಟಿಗೆ ತೂಕ ಹೆಚ್ಚುತ್ತದೆ, ಐಸು ಬೇಗ ಕರಗುತ್ತದೆ. ಮರದ ಹಲಗೆಗೆ ಫೈಬರ್ ಹೊದಿಸಿದ ದೋಣಿಯಲ್ಲಂತೂ ತೂತಿನಿಂದ ಹೊಕ್ಕ ನೀರು ಒಣಗಲು ದಾರಿಯಿಲ್ಲದೆ, ಫೈಬರ್ ಇಲ್ಲದ ಹಲಗೆಗಿಂತ ಬೇಗ ಮರ ಕೊಳೆಯುತ್ತದೆ. ಹಿಂದೆ ಕತ್ತದ ಹುರಿಯಿಂದ ಹೊಲಿದು, ಸಂದಿಗೆ ನಾರು ಬಡಿದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದ ದೋಣಿ ಒದ್ದೆಯಾಗುತ್ತಿತ್ತು, ದಂಡೆಗೆ ಎಳೆದರೆ ಒಣಗುತ್ತಿತ್ತು. ಫೈಬರ್ ದೋಣಿಗೆ ಆ ಉಸಿರಾಟ ಇಲ್ಲ. ತೂತು ಕೊರೆಯುವ ಮೊದಲೇ ಯೋಚಿಸಬೇಕಾದ್ದು ಅದಕ್ಕೇ.

ಕೆಲಸ ಮುಗಿದ ಮೇಲೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಮೇಲೆ ಒಂದೊಂದೇ ಕ್ಲೀಟಿಗೆ ಹತ್ತು ಹತ್ತು ನಿಮಿಷ ಪೈಪಿನಿಂದ ನೀರು ಬಿಡಿ. ನಟ್ಟಿನ ಸುತ್ತ ಒಣ ಬೆರಳು ಆಡಿಸಿ ನೋಡಿ. ಪ್ಲೇಟಿನ ಮೇಲೆ ಪೆನ್ಸಿಲಿನಲ್ಲಿ ತಿಂಗಳು, ವರ್ಷ ಬರೆದಿಡಿ, ಮುಂದೆ ದೋಣಿ ಯಾರ ಕೈಗೆ ಹೋದರೂ ಅವರಿಗೆ ಗೊತ್ತಾಗಲಿ. ನಮ್ಮ ದೋಣಿಯ ಎಪ್ಪತ್ತೆಂಟರಲ್ಲಿ ಅರವತ್ತೇಳಕ್ಕೆ ಈಗ ಆ ಪೆನ್ಸಿಲ್ ಗುರುತು ಬಿದ್ದಿದೆ. ಉಳಿದ ಹನ್ನೊಂದು ಮುಂದಿನ ಡೆಕ್ಕಿನಲ್ಲಿವೆ, ನವೆಂಬರಿನ ಒಣಗಾಳಿ ಶುರುವಾದ ಮೇಲೆ ಅವುಗಳ ಸರದಿ.